ಹತ್ತು ದಿನದ ಲೆಕ್ಕದ ಪುಸ್ತಕ: ಗೇಮಿಂಗ್ ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ?

2024ರ ಸೆಪ್ಟೆಂಬರ್ ಮೊದಲ ವಾರ ಅಕ್ಕ ಫೋನ್ ಮಾಡಿದಳು. "ಇವನಿಗೆ ಒಂದು ಲಕ್ಷದ ಲ್ಯಾಪ್‌ಟಾಪ್ ಬೇಕಂತೆ ಕಣೋ. ಅದೂ ಗೇಮ್ ಆಡೋ ಲ್ಯಾಪ್‌ಟಾಪ್. ನಿಮ್ಮ ಭಾವ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ನೀನೇ ಬಂದು ಏನಾದ್ರೂ ಒಂದು ಹೇಳು."

ಇವನು ಅಂದರೆ ನನ್ನ ಸೋದರಳಿಯ. ಸಿಇಟಿಯಲ್ಲಿ ತುಮಕೂರಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತ್ತು. ಮನೆ ತಿಪಟೂರಿನ ಹತ್ತಿರದ ಹಳ್ಳಿ. ಭಾವನದು ತೆಂಗಿನ ತೋಟ. ಹಾಸ್ಟೆಲ್ ಬೇಡ, ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ ಅಂತ ಹುಡುಗ ತಾನೇ ಹೇಳಿದ್ದ.

ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನೆಂಟರಿಷ್ಟರು ಯಾವುದನ್ನು ಕೊಳ್ಳೋದು ಅಂತ ಕೇಳುತ್ತಲೇ ಇರುತ್ತಾರೆ. ಸಾಮಾನ್ಯವಾಗಿ ಫೋನಿನಲ್ಲೇ ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತೇನೆ. ಈ ಸಲ ಹಾಗೆ ಮಾಡಲಿಲ್ಲ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಒಂದು ಲಕ್ಷ ಅಂದರೆ 8 ಕ್ವಿಂಟಲ್‌ಗೂ ಜಾಸ್ತಿ ಕೊಬ್ಬರಿ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಒಣಗಿದ ಮೇಲೆ ಸಿಗುವ ದುಡ್ಡು ಅದು. ಅದನ್ನು ಐದು ನಿಮಿಷದ ಮಾತಿನಲ್ಲಿ ಖರ್ಚು ಮಾಡಿಸಲು ನನಗೆ ಮನಸ್ಸಾಗಲಿಲ್ಲ.

ಯಾರಿಗೆ ಏನು ಬೇಕಿತ್ತು

ಭಾನುವಾರ ಊರಿಗೆ ಹೋದೆ. ಮೂವರನ್ನೂ ಕೂರಿಸಿಕೊಂಡು ಕೇಳಿದೆ.

ಹುಡುಗನ ಕಾರಣಗಳು ಗಟ್ಟಿಯಾಗಿಯೇ ಇದ್ದವು. ಮೊದಲ ವರ್ಷದಿಂದಲೇ ಎಂಜಿನಿಯರಿಂಗ್ ಡ್ರಾಯಿಂಗ್ ಕಂಪ್ಯೂಟರ್‌ನಲ್ಲಿ ಮಾಡಬೇಕು. ಮುಂದೆ ತ್ರೀಡಿ ಮಾಡೆಲಿಂಗ್ ಬರುತ್ತದೆ, ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಚಿತ್ರಗಳನ್ನು ಲೆಕ್ಕ ಹಾಕುವ ಭಾಗ, ಬೇಕು. ರಾತ್ರಿ ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡುವ ಆಸೆಯನ್ನೂ ಅವನು ಮುಚ್ಚಿಡಲಿಲ್ಲ. ಕೊನೆಗೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದ: "ಕ್ಲಾಸಲ್ಲಿ ಎಲ್ಲರ ಹತ್ರಾನೂ ಲ್ಯಾಪ್‌ಟಾಪ್ ಇದೆ ಮಾವ."

ಹದಿನೆಂಟರ ಹುಡುಗನಿಗೆ ಇದು ಚಿಕ್ಕ ವಿಷಯವಲ್ಲ. ಶೋಕಿ ಅಂತ ತಳ್ಳಿಹಾಕುವ ಹಿರಿಯರನ್ನು ತುಂಬಾ ಜನರನ್ನು ನೋಡಿದ್ದೇನೆ. ಹಾಗೆ ತಳ್ಳಿಹಾಕಿದರೆ ಹುಡುಗರು ನಿಜವಾದ ಕಾರಣ ಹೇಳುವುದನ್ನೇ ಬಿಡುತ್ತಾರೆ.

ಅಕ್ಕನ ಚಿಂತೆ ಬೇರೆ. "ಲ್ಯಾಪ್‌ಟಾಪ್ ಆದ್ರೆ ರೂಮಿಗೆ ತಗೊಂಡು ಹೋಗಿ ಬಾಗಿಲು ಹಾಕ್ಕೋತಾನೆ. ಹಾಲ್‌ನಲ್ಲಿ ಇಡೋ ಅಂಥದ್ದು ಕೊಡ್ಸು. ಕಣ್ಣ ಮುಂದೆ ಇರ್ಲಿ."

ಭಾವ ಎರಡೇ ಪ್ರಶ್ನೆ ಕೇಳಿದರು. ಎಷ್ಟು ವರ್ಷ ಬಾಳಿಕೆ ಬರುತ್ತದೆ? ಕೆಟ್ಟರೆ ಪೂರ್ತಿ ಬಿಸಾಕಬೇಕಾ, ಕೆಟ್ಟ ಭಾಗ ಮಾತ್ರ ಬದಲಾಯಿಸಬಹುದಾ? ಪಂಪ್‌ಸೆಟ್ ಇಟ್ಟುಕೊಂಡಿರುವವರು ಕೇಳುವ ಪ್ರಶ್ನೆ ಇದು. ಅಂಗಡಿಗೆ ಹೋದವರೆಲ್ಲ ಮೊದಲು ಕೇಳಬೇಕಾದದ್ದೂ ಇದೇ.

ಅವತ್ತು ನಾನು ಯಾವುದನ್ನೂ ತೀರ್ಮಾನ ಮಾಡಲಿಲ್ಲ. ಹುಡುಗನ ಕೈಗೆ 40 ಪುಟದ ಒಂದು ನೋಟ್‌ಬುಕ್ ಕೊಟ್ಟೆ. "ಹತ್ತು ದಿನ ಬರೆದಿಡು. ಕಂಪ್ಯೂಟರ್ ಎಲ್ಲಿ ಮುಟ್ಟಿದೆ, ಎಷ್ಟು ಹೊತ್ತು, ಏನಕ್ಕೆ. ಕಂಪ್ಯೂಟರ್ ಬೇಕಿತ್ತು, ಆದ್ರೆ ಇರಲಿಲ್ಲ ಅನ್ನೋ ಹೊತ್ತನ್ನೂ ಬರಿ." ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು, ಕಾಲೇಜಿನಲ್ಲಿ ಲ್ಯಾಬ್ ಇತ್ತು, ಗೆಳೆಯನ ಲ್ಯಾಪ್‌ಟಾಪ್ ಇತ್ತು. ಬರೆಯಲು ಅಷ್ಟು ಸಾಕು.

ಪುಸ್ತಕ ಏನು ಹೇಳಿತು

ಹತ್ತು ದಿನದಲ್ಲಿ ಒಟ್ಟು 41 ಗಂಟೆ. ಅದರಲ್ಲಿ 33 ಗಂಟೆ ಮನೆಯಲ್ಲಿ, ಬಹುತೇಕ ರಾತ್ರಿ 8ರ ನಂತರ ಮತ್ತು ಭಾನುವಾರ. 6 ಗಂಟೆ ಕಾಲೇಜಿನ ಲ್ಯಾಬಿನಲ್ಲಿ, ಅಲ್ಲಿನ ಕಂಪ್ಯೂಟರ್‌ಗಳಲ್ಲೇ. ಉಳಿದ 2 ಗಂಟೆ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ. "ಬೇಕಿತ್ತು, ಇರಲಿಲ್ಲ" ಅನ್ನುವ ಕಾಲಂನಲ್ಲಿ ಇದ್ದದ್ದು ಎರಡೇ ಸಾಲು. ಎರಡೂ ರೈಲಿನಲ್ಲಿ ಬರೆದದ್ದು.

ರೈಲಿನ ವಿಷಯ ಸ್ವಲ್ಪ ಹೇಳಬೇಕು. ತಿಪಟೂರಿನಿಂದ ತುಮಕೂರಿಗೆ ಎಪ್ಪತ್ತು ಕಿಲೋಮೀಟರ್ ಮೇಲೆ. ಬೆಳಗಿನ ರೈಲಿನಲ್ಲಿ ಓದುವವರು, ಕೆಲಸಕ್ಕೆ ಹೋಗುವವರು ಎಲ್ಲ ಸೇರಿ ಕಾಲಿಡಲು ಜಾಗ ಇರುವುದಿಲ್ಲ. ಒಳ್ಳೆಯ ಗೇಮಿಂಗ್ ಲ್ಯಾಪ್‌ಟಾಪ್ ಎರಡೂಕಾಲು, ಎರಡೂವರೆ ಕೆಜಿ ತೂಗುತ್ತದೆ. ಅದರ ಚಾರ್ಜರ್ ಇಟ್ಟಿಗೆಯಷ್ಟು ಗಾತ್ರ, ಅದೇ ಮುಕ್ಕಾಲು ಕೆಜಿ ಹತ್ತಿರ. ಎರಡೂ ಸೇರಿ ಮೂರು ಕೆಜಿ. ಅದರ ಮೇಲೆ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ. ನಿಂತುಕೊಂಡು ಹೋಗುವ ಹುಡುಗ ಆ ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆಯುವುದು ಕನಸಿನ ಮಾತು.

ಹಾಗಾಗಿ ಮೊದಲ ಉತ್ತರ ಸಿಕ್ಕಿತು. 41ರಲ್ಲಿ 33 ಗಂಟೆ ಒಂದೇ ಮೇಜಿನ ಮುಂದೆ. ಎತ್ತಿಕೊಂಡು ಓಡಾಡುವ ಅನುಕೂಲಕ್ಕೆ ದುಡ್ಡು ಕೊಟ್ಟರೂ ಅವನು ಅದನ್ನು ಬಳಸುವುದು ಕಡಿಮೆ.

ಹೆಸರು ಒಂದೇ, ವಸ್ತು ಬೇರೆ

ಹುಡುಗನನ್ನು ಬೆಂಗಳೂರಿಗೆ ಕರೆಸಿಕೊಂಡೆ. ಮೊದಲು ಲ್ಯಾಪ್‌ಟಾಪ್ ಅಂಗಡಿಗೇ ಹೋದೆವು. ಅವನು ಕಣ್ಣಾರೆ ನೋಡದೆ ತೀರ್ಮಾನ ಮಾಡಿದರೆ ಆಮೇಲೆ ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ.

ಅಲ್ಲಿ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇದ್ದವು. ಎರಡರಲ್ಲೂ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್. ಒಂದಕ್ಕೆ 86,990, ಇನ್ನೊಂದಕ್ಕೆ 1,04,990. "ಒಂದೇ ಕಾರ್ಡ್ ಅಲ್ವಾ ಮಾವ, ಕಡಿಮೆಯದ್ದೇ ತಗೊಳ್ಳೋಣ" ಅಂದ. ಅಂಗಡಿಯವರೂ ತಲೆಯಾಡಿಸಿದರು.

ಒಂದೇ ಅಲ್ಲ. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್‌ಗೆ ಎಷ್ಟು ವ್ಯಾಟ್ ಕರೆಂಟ್ ಕೊಡಬೇಕು ಅನ್ನುವುದನ್ನು ಲ್ಯಾಪ್‌ಟಾಪ್ ಮಾಡುವ ಕಂಪನಿ ತೀರ್ಮಾನಿಸುತ್ತದೆ. ಲ್ಯಾಪ್‌ಟಾಪ್‌ನ 4060ಕ್ಕೆ ಎನ್‌ವಿಡಿಯಾ ಇಟ್ಟಿರುವ ಮಿತಿ 35ರಿಂದ 115 ವ್ಯಾಟ್. ಮೇಲೆ ಬೂಸ್ಟ್, ಅಂದರೆ ಬೇಕಾದಾಗ ಕೊಡುವ ಹೆಚ್ಚುವರಿ ವ್ಯಾಟ್, ಸೇರಿದರೆ 140ರವರೆಗೆ ಹೋಗುತ್ತದೆ. ಕಡಿಮೆ ಬೆಲೆಯದ್ದರಲ್ಲಿ ಇದ್ದದ್ದು 75 ವ್ಯಾಟ್, ಇನ್ನೊಂದರಲ್ಲಿ 140. ಹೆಸರು, ಸ್ಟಿಕ್ಕರ್ ಎಲ್ಲ ಒಂದೇ. ಆಟದಲ್ಲಿ ಸಿಗುವ ವೇಗ ಒಂದೇ ಅಲ್ಲ. ಒಂದೇ ಎಂಜಿನ್ನಿಗೆ ಒಂದು ಕಡೆ ಪೂರ್ತಿ ಡೀಸೆಲ್ ಬಿಟ್ಟು, ಇನ್ನೊಂದು ಕಡೆ ಕೊಳವೆ ಹಿಸುಕಿದ ಹಾಗೆ. ತಯಾರಕರ ವೆಬ್‌ಸೈಟಿನ ವಿವರಗಳಲ್ಲಿ ಈ ವ್ಯಾಟ್ ಸಿಗುತ್ತದೆ. ಅಂಗಡಿಯಲ್ಲಿ ಡಿಸ್‌ಪ್ಲೇಗೆ ಇಟ್ಟಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದರೂ ಕಾಣುತ್ತದೆ. ದಯವಿಟ್ಟು ಅದನ್ನು ನೋಡದೆ ದುಡ್ಡು ಕೊಡಬೇಡಿ.

ಡೆಸ್ಕ್‌ಟಾಪ್ ಜೊತೆ ಹೋಲಿಸುವಾಗ ಈ ಹೆಸರಿನ ಗೊಂದಲ ಇನ್ನೂ ಜಾಸ್ತಿ. 4060ರ ಮಟ್ಟದಲ್ಲಿ ಪರವಾಗಿಲ್ಲ. ಎರಡರಲ್ಲೂ 3,072 ಕೋರ್ (ಲೆಕ್ಕ ಮಾಡುವ ಚಿಕ್ಕ ಘಟಕ), 8 ಜಿಬಿ ಮೆಮೊರಿ. ಡೆಸ್ಕ್‌ಟಾಪ್ ಕಾರ್ಡ್ 115 ವ್ಯಾಟ್‌ನದು. ಪೂರ್ತಿ ವ್ಯಾಟ್ ಸಿಗುವ ಲ್ಯಾಪ್‌ಟಾಪ್ ಅದರ ಹತ್ತಿರಕ್ಕೆ ಬರುತ್ತದೆ. ಮೇಲೆ ಹೋದ ಹಾಗೆ ದಾರಿ ಬೇರೆಯಾಗುತ್ತದೆ. ಡೆಸ್ಕ್‌ಟಾಪ್‌ನ 4070ರಲ್ಲಿ 5,888 ಕೋರ್, 12 ಜಿಬಿ. ಲ್ಯಾಪ್‌ಟಾಪ್‌ನ 4070ರಲ್ಲಿ 4,608 ಕೋರ್, 8 ಜಿಬಿ. 4090ಕ್ಕೆ ಬಂದರಂತೂ ಡೆಸ್ಕ್‌ಟಾಪ್‌ನದು 16,384 ಕೋರ್, 24 ಜಿಬಿ, 450 ವ್ಯಾಟ್. ಲ್ಯಾಪ್‌ಟಾಪ್‌ನದು 9,728 ಕೋರ್, 16 ಜಿಬಿ. ಎರಡನ್ನೂ 4090 ಅಂತಲೇ ಮಾರುತ್ತಿದ್ದರು. ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿಗೆ ಇದು ಗೊತ್ತಿರಲೇಬೇಕು.

ಪರದೆಯನ್ನೂ ನೋಡಿದೆವು. 86,990ರ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಕೆಂಪು ಬಣ್ಣ ಇಟ್ಟಿಗೆ ಬಣ್ಣದ ಹಾಗಿತ್ತು. ವಿವರದಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ (ಪರದೆ ತೋರಿಸಬಲ್ಲ ಬಣ್ಣಗಳ ಅಳತೆ) ಅಂತ ಬರೆದಿದ್ದರೆ ಹೀಗೇ ಇರುತ್ತದೆ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಉಳಿತಾಯ ಮಾಡುವುದು ಹೆಚ್ಚಾಗಿ ಪರದೆಯಲ್ಲೇ.

ಕೊನೆಗೆ ಹುಡುಗ ತನ್ನ ದೊಡ್ಡ ವಾದ ತೆಗೆದ. "ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ನಡೆಯುತ್ತೆ ಮಾವ. ಡೆಸ್ಕ್‌ಟಾಪ್ ನಡೆಯಲ್ಲ." ಓದಿಗಾದರೆ ಮಾತು ಸರಿ. ಆಟಕ್ಕೆ ಸರಿಯಲ್ಲ. ಆ ಲ್ಯಾಪ್‌ಟಾಪ್‌ನ ಬ್ಯಾಟರಿ 60 ವ್ಯಾಟ್-ಅವರ್. ಪೂರ್ತಿ ಜೋರಿನಲ್ಲಿ 150 ವ್ಯಾಟ್ ಎಳೆದರೆ 24 ನಿಮಿಷಕ್ಕೆ ಖಾಲಿ. ಅದಕ್ಕೇ ಚಾರ್ಜರ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ತಾನೇ ಗ್ರಾಫಿಕ್ಸ್ ಚಿಪ್‌ನ ಕೈ ಕಟ್ಟುತ್ತದೆ. ಚಾರ್ಜರ್ ಕಿತ್ತು ತೋರಿಸಿದೆ. ಆಟ ತಡವರಿಸಿತು. ಅವನು ಏನೂ ಮಾತಾಡಲಿಲ್ಲ, ಆದರೆ ಅಲ್ಲಿಂದ ಮುಂದೆ ಡೆಸ್ಕ್‌ಟಾಪ್ ಬಗ್ಗೆ ಅವನೇ ಪ್ರಶ್ನೆ ಕೇಳಲು ಶುರು ಮಾಡಿದ.

ಎಸ್‌ಪಿ ರಸ್ತೆಯ ಶನಿವಾರ

ಸೆಪ್ಟೆಂಬರ್ ಕೊನೆಯ ಶನಿವಾರ ಎಸ್‌ಪಿ ರಸ್ತೆಗೆ ಹೋದೆವು. ಸಾದರ ಪತ್ರಪ್ಪ ರಸ್ತೆ ಅನ್ನುವುದು ಪೂರ್ತಿ ಹೆಸರು. ಟೌನ್‌ಹಾಲ್ ಕಡೆಯಿಂದ ನಡೆದು ಹೋಗುವಷ್ಟು ಹತ್ತಿರ. ಒಂದೇ ಅಂಗಡಿಯಲ್ಲಿ ಎಲ್ಲ ತೆಗೆದುಕೊಳ್ಳಬೇಡ, ಮೂರು ಕಡೆ ಕೊಟೇಶನ್ ಬರೆಸಿಕೋ ಅಂತ ಹುಡುಗನಿಗೆ ಹೇಳಿದೆ. ಅವನೇ ಬರೆಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ನಮ್ಮ ಪಟ್ಟಿ ಹೀಗಾಯಿತು.

ಪ್ರೊಸೆಸರ್ ಎಎಂಡಿ ರೈಜನ್ 5 5600, 11,500 ರೂಪಾಯಿ. ಎಲ್ಲ ಭಾಗ ಕೂರಿಸುವ ಬಿ550 ಮದರ್‌ಬೋರ್ಡ್ 9,500. ರ್‍ಯಾಮ್ (ಕೆಲಸ ನಡೆಯುವಾಗ ಬೇಕಾಗುವ ಮೆಮೊರಿ) 8 ಜಿಬಿಯ ಎರಡು, 3,600. ಫೈಲುಗಳನ್ನು ಉಳಿಸಿಡಲು ಒಂದು ಟಿಬಿ ಎಸ್‌ಎಸ್‌ಡಿ 5,800. ಆರ್‌ಟಿಎಕ್ಸ್ 4060 ಕಾರ್ಡ್ 28,500. ಎಲ್ಲ ಭಾಗಕ್ಕೂ ಕರೆಂಟ್ ಹಂಚುವ 550 ವ್ಯಾಟ್ ಎಸ್‌ಎಂಪಿಎಸ್ 4,300. ಕ್ಯಾಬಿನೆಟ್ 3,800. 24 ಇಂಚಿನ 165 ಹರ್ಟ್ಸ್ ಮಾನಿಟರ್ 10,500. ಕೀಬೋರ್ಡ್, ಮೌಸ್ 1,600. 600 ವಿಎ ಯುಪಿಎಸ್ 3,200. ಒಟ್ಟು 82,300.

ಇದರ ಮೇಲೆ ವಿಂಡೋಸ್. ಲ್ಯಾಪ್‌ಟಾಪ್ ಬೆಲೆಯಲ್ಲಿ ವಿಂಡೋಸ್ ಸೇರಿರುತ್ತದೆ, ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ ಇರುವುದಿಲ್ಲ. ಹೋಲಿಸುವಾಗ ತುಂಬಾ ಜನ ಇದನ್ನು ಮರೆಯುತ್ತಾರೆ. "ಸುಮ್ನೆ ಹಾಕಿ ಕೊಡ್ತೀವಿ ಬಿಡಿ" ಅಂತ ಒಂದು ಅಂಗಡಿಯಲ್ಲಿ ಹೇಳಿದರು. ಬೇಡ ಅಂದೆ. ಕದ್ದ ವಿಂಡೋಸ್ ಜೊತೆ ಏನೇನು ಒಳಗೆ ಬರುತ್ತದೆ ಅನ್ನುವುದನ್ನು ಕಚೇರಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಲೈಸೆನ್ಸ್‌ಗೆ 8,500 ಕೊಟ್ಟೆವು. ಅಲ್ಲಿಗೆ 90,800.

ನಮ್ಮದು ಎಎಂಡಿ ಪ್ರೊಸೆಸರ್ ಕೂರಿಸುವ ಹಳೇ ಎಎಂ4 ಮಾದರಿಯ ಬೋರ್ಡ್. ಹೊಸ ಎಎಂ5 ಬೋರ್ಡ್ ಯಾಕೆ ಬೇಡ ಅಂತ ಅಂಗಡಿಯವರು ಕೇಳಿದರು. ಬೋರ್ಡ್, ಡಿಡಿಆರ್5 ರ್‍ಯಾಮ್, ಪ್ರೊಸೆಸರ್ ಎಲ್ಲ ಸೇರಿ ಹದಿನೈದು ಸಾವಿರ ಹತ್ತಿರ ಜಾಸ್ತಿ ಆಗುತ್ತಿತ್ತು. ಹಳೆಯದಾದ ಎಎಂ4 ಕೂಡ ಇನ್ನೂ ಸತ್ತಿರಲಿಲ್ಲ. ಅದೇ ವರ್ಷ ಜನವರಿಯಲ್ಲಿ ಎಎಂಡಿ ಅದಕ್ಕೆ 5700ಎಕ್ಸ್3ಡಿ ಅನ್ನುವ ಹೊಸ ಪ್ರೊಸೆಸರ್ ಬಿಟ್ಟಿತ್ತು. ಬೇಕಾದರೆ ಮುಂದೆ ಇದೇ ಬೋರ್ಡಿಗೆ ಅದನ್ನು ಕೂರಿಸಬಹುದು.

ಭಾವನ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಒಂದು ಹೋದರೆ ಸಾಮಾನ್ಯವಾಗಿ ಇಡೀ ಬೋರ್ಡೇ ಬದಲು. ವಾರಂಟಿ ಹೆಚ್ಚಾಗಿ ಒಂದು ವರ್ಷ, ಮುಂದಕ್ಕೆ ಬೇಕಾದರೆ ಬೇರೆ ದುಡ್ಡು. ನಮ್ಮ ಪಟ್ಟಿಯಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ವಾರಂಟಿ. ಪ್ರೊಸೆಸರ್ ಮತ್ತು ಕಾರ್ಡಿಗೆ ಮೂರು ವರ್ಷ, ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್‌ಗೆ ಐದು. ಎಲ್ಲದರ ಜಿಎಸ್‌ಟಿ ಬಿಲ್ಲನ್ನೂ ಸೀರಿಯಲ್ ನಂಬರ್ ಸಮೇತ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹುಡುಗನ ಕೈಗೆ ಕೊಟ್ಟೆ. ಪಹಣಿ ಇಡುವ ಬೀರುವಿನಲ್ಲೇ ಭಾವ ಅದನ್ನು ಇಟ್ಟರು.

ಜೋಡಿಸುವ ಕೆಲಸ ಅವನ ಕೈಯಲ್ಲೇ ಮಾಡಿಸಿದೆ. ನನ್ನ ಮನೆಯ ಊಟದ ಮೇಜಿನ ಮೇಲೆ ನಾಲ್ಕು ಗಂಟೆ ಹಿಡಿಯಿತು. ಪ್ರೊಸೆಸರ್ ಕೂರಿಸುವಾಗ ಅವನ ಕೈ ನಡುಗುತ್ತಿತ್ತು. ಮೊದಲ ಸಲ ಪರದೆ ಬೆಳಗಿದಾಗ ಅವನ ಮುಖ ನೋಡಬೇಕಿತ್ತು. ಮೆಕ್ಯಾನಿಕಲ್ ಓದುವ ಹುಡುಗ, ತಾನೇ ಸ್ಕ್ರೂ ತಿರುಗಿಸಿದ ಯಂತ್ರ ಅದು. ಈ ಸಂತೋಷ ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ, ಆದರೆ ಡೆಸ್ಕ್‌ಟಾಪ್ ಪರವಾಗಿ ನಾನು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಹಳ್ಳಿ ಮನೆಯ ಕರೆಂಟು

ಅಕ್ಟೋಬರ್‌ನಲ್ಲಿ ಆಯುಧಪೂಜೆಗೆ ಕ್ಯಾಬಿನೆಟ್ಟಿಗೂ ಕುಂಕುಮ, ಸೇವಂತಿಗೆ ಹೂವು ಬಿತ್ತು. ಅದೇ ವಾರ ತೊಂದರೆಗಳೂ ಒಂದೊಂದಾಗಿ ಬಂದವು. ಕೊಳ್ಳುವ ಮೊದಲು ಯಾರೂ ನಮಗೆ ಇವನ್ನು ಹೇಳಿರಲಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಅಕ್ಕ ಹೆದರಿ ಸ್ವಿಚ್ ತೆಗೆದುಬಿಟ್ಟಳು. ಕಂಪ್ಯೂಟರಿನ ತಪ್ಪಲ್ಲ ಅದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ತೀರಾ ಸಣ್ಣ ಕರೆಂಟು ಕ್ಯಾಬಿನೆಟ್ಟಿನ ಲೋಹಕ್ಕೆ ಬರುತ್ತದೆ. ಅದು ಅರ್ಥ್ ವೈರಿನ ಮೂಲಕ ನೆಲಕ್ಕೆ ಹೋಗಬೇಕು. ಆ ಹಳೇ ಮನೆಯ ಹಾಲ್‌ನಲ್ಲಿ ಸಾಕೆಟ್‌ಗೆ ಮೂರು ತೂತು ಇತ್ತು, ಮೂರನೆಯದಕ್ಕೆ ವೈರೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹೊಸದಾಗಿ ಅರ್ಥ್ ಎಳೆಸಿದೆವು. ಜುಮ್ ಅನ್ನುವುದು ಅವತ್ತೇ ನಿಂತಿತು. ಕಂಪ್ಯೂಟರ್ ಮನೆಗೆ ಬರುವ ಮೊದಲೇ ಮಾಡಿಸಬೇಕಾದ ಕೆಲಸ ಇದು.

ಎರಡನೆಯದು ಯುಪಿಎಸ್. 600 ವಿಎ ಅಂದರೆ ಸುಮಾರು 360 ವ್ಯಾಟ್. ಆಟದ ಹೊತ್ತಿನಲ್ಲಿ ನಮ್ಮ ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ 300 ವ್ಯಾಟ್ ಹತ್ತಿರ ಎಳೆಯುತ್ತಿತ್ತು. ಕಾಗದದ ಮೇಲೆ ಸಾಕು. ಆದರೆ ಆಟದ ನಡುವೆ ಕರೆಂಟ್ ಹೋದರೆ ಯುಪಿಎಸ್ ಒಂದು ಸಲ ಕೂಗಿ ಆಫ್ ಆಗುತ್ತಿತ್ತು. ಕಡಿಮೆ ಬೆಲೆಯ ಯುಪಿಎಸ್ ನಯವಾದ ಅಲೆಯ ಬದಲು ಮೆಟ್ಟಿಲು ಮೆಟ್ಟಿಲಾದ ಕರೆಂಟ್ ಅಲೆ ಕೊಡುತ್ತದೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ, ಅದರಲ್ಲೂ ಲೋಡ್ ಜಾಸ್ತಿ ಇದ್ದಾಗ, ಅದು ಸರಿಹೊಂದದೇ ಇರಬಹುದು. ಅಂಗಡಿಯವರು ಅದನ್ನು ವಾಪಸ್ ತೆಗೆದುಕೊಂಡು 1100 ವಿಎ ಕೊಟ್ಟರು. ಮೇಲೆ 2,400 ಕೊಡಬೇಕಾಯಿತು. ಒಟ್ಟು 93,200ಕ್ಕೆ ಬಂತು. ಮೊದಲೇ ದೊಡ್ಡದು ತೆಗೆದುಕೊಳ್ಳಿ ಅಂತ ನಾನೇ ಹೇಳಬೇಕಿತ್ತು.

ಮೂರನೆಯದು ಮನೆಯ ಇನ್ವರ್ಟರ್. ಒಂದು ಸಂಜೆ ಕರೆಂಟ್ ಇಲ್ಲದಿದ್ದಾಗ ಇನ್ವರ್ಟರ್ ಲೈನಿನಲ್ಲಿ ಕಂಪ್ಯೂಟರ್ ಹಾಕಿ ಆಡಿದ. 150 ಆಂಪಿಯರ್-ಅವರ್ ಬ್ಯಾಟರಿ, 12 ವೋಲ್ಟ್. ಗುಣಿಸಿದರೆ 1,800 ವ್ಯಾಟ್-ಅವರ್ ಅನ್ನಿಸುತ್ತದೆ. ನಾಲ್ಕು ವರ್ಷದ ಹಳೇ ಬ್ಯಾಟರಿಯಲ್ಲಿ ಅಷ್ಟೆಲ್ಲ ಎಲ್ಲಿ ಸಿಗಬೇಕು? ಊಟದ ಹೊತ್ತಿಗೆ ಮನೆಯೆಲ್ಲ ಕತ್ತಲು, ಫ್ಯಾನೂ ಇಲ್ಲ. ಅವತ್ತಿನಿಂದ ಮನೆಯಲ್ಲಿ ಒಂದು ಕಟ್ಟುಪಾಡು ಬಂತು. ಕರೆಂಟ್ ಹೋದರೆ ಕೆಲಸ ಸೇವ್ ಮಾಡು, ಆಫ್ ಮಾಡು. ಯುಪಿಎಸ್ ಕೊಡುವ ಹತ್ತು ನಿಮಿಷ ಅದಕ್ಕೇ.

ಇದು ಡೆಸ್ಕ್‌ಟಾಪ್‌ನ ನಿಜವಾದ ದುರ್ಬಲ ಜಾಗ. ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಇದ್ದವನು ನಾಲ್ಕು ಗಂಟೆ ಓದಬಹುದು. ನಮ್ಮ ಹುಡುಗ ಎರಡು ಸಲ ಮೊಬೈಲ್‌ನಲ್ಲಿ ಪಿಡಿಎಫ್ ಓದಿದ.

ಭಾವ ಹೆದರಿದ್ದು ಬಿಲ್ಲಿಗೆ. ಅದರ ಲೆಕ್ಕ ಸುಲಭ. 300 ವ್ಯಾಟ್, ದಿನಕ್ಕೆ ಎರಡೂವರೆ ಗಂಟೆ, ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಗೇಮಿಂಗ್ ಲ್ಯಾಪ್‌ಟಾಪ್ 200 ವ್ಯಾಟ್ ಎಳೆದರೆ 15 ಯೂನಿಟ್. ಎರಡರ ನಡುವೆ ಇರುವುದು ಏಳೂವರೆ ಯೂನಿಟ್ ಮಾತ್ರ. ಗೃಹಜ್ಯೋತಿಯಲ್ಲಿ ಅವರಿಗೆ ಸಿಗುತ್ತಿದ್ದ ಉಚಿತ ಯೂನಿಟ್‌ಗಿಂತ ಸ್ವಲ್ಪ ಮೇಲೆ ಹೋಯಿತು, ಹೆಚ್ಚಾದ ಅಷ್ಟಕ್ಕೆ ಮಾತ್ರ ಬಿಲ್ ಬಂತು. 200 ದಾಟಿದರೆ ಪೂರ್ತಿ ಕಟ್ಟಬೇಕಾಗುತ್ತದೆ, ಆದರೆ ಅವರ ಬಳಕೆ ಅಲ್ಲಿಂದ ದೂರವೇ ಇತ್ತು. ಡೆಸ್ಕ್‌ಟಾಪ್ ಬೇಡ ಅನ್ನಲು ಕರೆಂಟ್ ಬಿಲ್ ಕಾರಣವೇ ಅಲ್ಲ.

ಇನ್ನು ಧೂಳು, ಇರುವೆ, ಹಲ್ಲಿ. ಕ್ಯಾಬಿನೆಟ್ ಹಿಂದೆ ಖಾಲಿ ಸ್ಲಾಟ್‌ಗಳ ಮುಚ್ಚಳ ತೆಗೆದಿದ್ದರೆ ವಾಪಸ್ ಹಾಕಿ. ಹಲ್ಲಿ ಒಳಗೆ ಹೋದರೆ ಬೋರ್ಡೂ ಹೋಯಿತು, ಹಲ್ಲಿಯೂ ಹೋಯಿತು. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವ ಕೆಲಸ ಹುಡುಗನೇ ಮಾಡುತ್ತಾನೆ. ಲ್ಯಾಪ್‌ಟಾಪ್ ಆಗಿದ್ದರೆ ಧೂಳು ತೆಗೆಯಲು ತಳವನ್ನೇ ಬಿಚ್ಚಬೇಕು. ಹೆಚ್ಚಿನವರು ಬಿಚ್ಚುವುದಿಲ್ಲ, ಒಂದೆರಡು ವರ್ಷದಲ್ಲಿ ಬಿಸಿಯಾಗಿ ವೇಗ ಕಮ್ಮಿಯಾದ ಮೇಲೆ ಅಂಗಡಿಗೆ ಒಯ್ಯುತ್ತಾರೆ.

ಪುಸ್ತಕದಲ್ಲಿ ಬರೆಯದೇ ಇದ್ದದ್ದು

ಒಂದು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಅಂಕವೂ ಬಂತು, ಆಟವೂ ಆಯಿತು. ಹಾಲ್‌ನಲ್ಲೇ ಇದ್ದದ್ದರಿಂದ ರಾತ್ರಿ ಹನ್ನೊಂದಕ್ಕೆ ಅಕ್ಕ ಲೈಟ್ ಆರಿಸಿದರೆ ಆಟವೂ ನಿಲ್ಲುತ್ತಿತ್ತು.

ಮೂರನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಹುಡುಗ ಸೋತಿದ್ದ. ದಿನಕ್ಕೆ ಮೂರು ಗಂಟೆ ರೈಲು, ಸ್ಟೇಷನ್ನಿಗೆ ಹೋಗಿ ಬರುವ ಹೊತ್ತು ಬೇರೆ. ಬೆಳಿಗ್ಗೆ ಐದಕ್ಕೆ ಏಳಬೇಕು. ಆರು ಕೆಜಿ ಇಳಿದಿದ್ದ. 2025ರ ಸೆಪ್ಟೆಂಬರ್‌ನಲ್ಲಿ ತುಮಕೂರಿನಲ್ಲೇ ಪಿಜಿ ಸೇರಿಕೊಂಡ. ಒಂದು ರೂಮಿಗೆ ಮೂವರು, ಒಬ್ಬೊಬ್ಬರಿಗೆ ಒಂದು ಮಂಚ, ಮೂವರಿಗೂ ಸೇರಿ ಒಂದು ಮೇಜು.

ನಾನು ಯೋಚಿಸದೇ ಬಿಟ್ಟಿದ್ದು ಇದನ್ನು. ಹತ್ತು ದಿನದ ಪುಸ್ತಕ ಆ ಹತ್ತು ದಿನವನ್ನು ಸರಿಯಾಗಿ ತೋರಿಸಿತ್ತು. ಆ ರೈಲನ್ನು ಅವನು ನಾಲ್ಕು ವರ್ಷ ತಡೆದುಕೊಳ್ಳುತ್ತಾನಾ ಅನ್ನುವ ಪ್ರಶ್ನೆ ಅದರಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ಈಗ ಯಾರಾದರೂ ಸಲಹೆ ಕೇಳಿದರೆ ಮೊದಲ ಪ್ರಶ್ನೆಯೇ ಅದು: ಇನ್ನು ಒಂದೂವರೆ ವರ್ಷಕ್ಕೆ ಎಲ್ಲಿ ಮಲಗುತ್ತೀರಿ? ಅದೇ ಮನೆಯಲ್ಲಿ ಅಂತ ಖಚಿತವಾಗಿ ಹೇಳಲು ಆಗದಿದ್ದರೆ ಲ್ಯಾಪ್‌ಟಾಪ್ ಕಡೆಗೇ ವಾಲುತ್ತೇನೆ, ವೇಗ ಸ್ವಲ್ಪ ಕಡಿಮೆಯಾದರೂ ಸರಿ.

ಡೆಸ್ಕ್‌ಟಾಪನ್ನು ಪಿಜಿಗೆ ಒಯ್ಯುವುದು ಬೇಡ ಅಂತ ತೀರ್ಮಾನಿಸಿದೆವು. ಜಾಗವೂ ಇಲ್ಲ, ಹೋಗುವ ಬರುವ ಮನೆ, ಯಾರು ಯಾವಾಗ ಮುಟ್ಟುತ್ತಾರೋ ಗೊತ್ತಿಲ್ಲ. ಒಯ್ಯುವುದೇ ಆಗಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲೇ ಇಟ್ಟು ಬೇರೆಯಾಗಿ ಒಯ್ಯಬೇಕು. ಬಸ್ಸಿನ ಕುಲುಕಾಟಕ್ಕೆ ಕಾರ್ಡಿನ ಭಾರ ಸ್ಲಾಟ್ ಮೇಲೆ ಬಿದ್ದರೆ ಬೋರ್ಡ್ ಸೀಳುವ ಭಯ.

ಅದರ ಬದಲು ಒಂದು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ತೆಗೆದುಕೊಂಡೆವು. ಕಂಪನಿಗಳು ಬಳಸಿ ಬಿಟ್ಟದ್ದು, 14 ಇಂಚು, ಒಂದೂವರೆ ಕೆಜಿ. 18,500 ರೂಪಾಯಿ. ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್‌ಗಿಂತ ಹಳೆಯದು ಬೇಡವೇ ಬೇಡ ಅಂತ ಹಟ ಹಿಡಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು, ವಿಂಡೋಸ್ 11 ಅಧಿಕೃತವಾಗಿ ಕೆಲಸ ಮಾಡುವುದು 8ನೇ ತಲೆಮಾರಿನಿಂದ ಮೇಲೆ. ಆ ಹೊತ್ತಿನಲ್ಲಿ ಹಳೇ ಲ್ಯಾಪ್‌ಟಾಪ್‌ಗಳು ರಾಶಿ ರಾಶಿಯಾಗಿ ಕಡಿಮೆ ಬೆಲೆಗೆ ಬಂದಿದ್ದವು, ಜನ ನೋಡದೆ ಕೊಳ್ಳುತ್ತಿದ್ದರು.

ಈಗ ಒಟ್ಟು ಲೆಕ್ಕ 1,11,700. ಅವತ್ತು 1,04,990ರ ಲ್ಯಾಪ್‌ಟಾಪನ್ನೇ ತೆಗೆದುಕೊಂಡಿದ್ದರೆ 6,710 ರೂಪಾಯಿ ಉಳಿಯುತ್ತಿತ್ತು, ಎಲ್ಲ ಒಂದೇ ಯಂತ್ರದಲ್ಲಿ ಆಗುತ್ತಿತ್ತು. ಇದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಆದರೂ ಭಾವನ ಮೊದಲ ಪ್ರಶ್ನೆಯನ್ನು, ಬಾಳಿಕೆಯ ಪ್ರಶ್ನೆಯನ್ನು, ಮುಂದಿಟ್ಟುಕೊಂಡರೆ ನಾನು ಈಗಲೂ ಡೆಸ್ಕ್‌ಟಾಪ್ ಪರವೇ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಮೂರು ವರ್ಷದ ನಂತರ ಕಾರ್ಡ್ ಒಂದನ್ನು ಬದಲಾಯಿಸಿದರೆ ಅದು ಮತ್ತೆ ಹೊಸದು.

ರ್‍ಯಾಮ್ ವಿಷಯದಲ್ಲಿ ಮಾತ್ರ ಕೈ ಸುಟ್ಟುಕೊಂಡೆವು. ಬೋರ್ಡಿನಲ್ಲಿ ಎರಡು ಸ್ಲಾಟ್ ಖಾಲಿ ಇದೆ, ಬೇಕಾದಾಗ ಹಾಕಿಕೊಳ್ಳೋಣ ಅಂತ 2024ರಲ್ಲಿ 16 ಜಿಬಿಗೇ ನಿಲ್ಲಿಸಿದ್ದೆವು. ತುಂಬಾ ಭಾಗಗಳಿರುವ ದೊಡ್ಡ ತ್ರೀಡಿ ಮಾಡೆಲ್ ತೆರೆಯುವಾಗ ತಡವರಿಸುತ್ತಿದೆ ಅಂತ 2025ರ ಡಿಸೆಂಬರ್‌ನಲ್ಲಿ ಕೇಳಲು ಹೋದರೆ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಎಳೆದುಕೊಳ್ಳುತ್ತಿದ್ದುದರಿಂದ ಮಾರುಕಟ್ಟೆಯೇ ಹಾಗಾಗಿತ್ತು. ಆಮೇಲೆ ಹಾಕಿಕೊಳ್ಳಬಹುದು ಅನ್ನುವುದು ಡೆಸ್ಕ್‌ಟಾಪ್‌ನ ದೊಡ್ಡ ಗುಣ ನಿಜ. ಆದರೆ ಆಮೇಲಿನ ಬೆಲೆ ನಮ್ಮ ಕೈಯಲ್ಲಿ ಇರುವುದಿಲ್ಲ. ಅವನು ಇನ್ನೂ 16ರಲ್ಲೇ ಇದ್ದಾನೆ.

ತ್ರೀಡಿ ಮಾಡೆಲಿಂಗ್‌ಗೆ ಹಳೇ ಲ್ಯಾಪ್‌ಟಾಪ್ ಸಾಲುವುದಿಲ್ಲ. ಅದಕ್ಕೆ ಹುಡುಗ ತಾನೇ ದಾರಿ ಹುಡುಕಿಕೊಂಡ. ಮನೆಗೆ ಫೈಬರ್ ಇಂಟರ್ನೆಟ್ ಇದೆ. ಪಿಜಿಯಿಂದ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಊರಿನ ಕಂಪ್ಯೂಟರ್‌ಗೆ ಸೇರಿಕೊಳ್ಳುತ್ತಾನೆ. ಆಟಕ್ಕೆ ಅದು ಆಗುವುದಿಲ್ಲ, ಕೈಗೂ ಕಣ್ಣಿಗೂ ನಡುವೆ ತಡವಾಗುತ್ತದೆ. ಮಾಡೆಲ್ ಮಾಡಲು ಸಾಕು. ಆಟ ಈಗ ಶನಿವಾರ, ಭಾನುವಾರ, ಊರಿಗೆ ಬಂದಾಗ ಮಾತ್ರ.

ಕಂಪ್ಯೂಟರ್ ಆನ್ ಮಾಡಲು ಯಾರಾದರೂ ಬೇಕಲ್ಲ. ಸಂಜೆ ಏಳಕ್ಕೆ ಫೋನ್ ಬರುತ್ತದೆ. "ಅಮ್ಮಾ, ಕಂಪ್ಯೂಟರ್ ಹಾಕು." ಅಕ್ಕ ಮೊದಲು ಯುಪಿಎಸ್, ಆಮೇಲೆ ಕ್ಯಾಬಿನೆಟ್, ಆಮೇಲೆ ಮಾನಿಟರ್ ಹಾಕುತ್ತಾಳೆ. ಮಾನಿಟರ್ ಬೇಕಿಲ್ಲ ಅಂತ ಅವನು ಎಷ್ಟೋ ಸಲ ಹೇಳಿದ್ದಾನೆ. ಅವಳು ಕೇಳುವುದಿಲ್ಲ. ಹೋದ ತಿಂಗಳು ನಾನು ಹೋದಾಗ ಹಾಲ್‌ನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಪರದೆಯ ಮೇಲೆ ಬಾಣದ ಗುರುತು ತಾನೇ ಓಡಾಡುತ್ತಿತ್ತು. ಒಂದು ಗಾಲಿ ತಿರುಗಿತು, ಅದಕ್ಕೆ ಒಂದು ಹಲ್ಲು ಬಂತು, ಇನ್ನೊಂದು ಬಂತು.

"ನೋಡು," ಅಂದಳು, "ಕೂತ್ಕೊಂಡು ಓದ್ತಾ ಇದಾನೆ."